ಮಂಗಳವಾರ, ಬುಧವಾರದ ಟರ್ಕಿ

ಎರಡು ವಾರದ ಜುಲೈ ರಜೆ ಮುಗಿಸಿ, ವಿಮಾನದಲ್ಲಿ ಒಂದು ಗಂಟೆ ದೂರದ ಪೊರಿರುವಾ ಊರಿನಿಂದ ಬಂದ ಮಗಳು, ಸೂಟ್‌ಕೇಸ್ ಬಿಚ್ಚುವ ಮೊದಲೇ ಒಂದು ಅರ್ಜಿಯನ್ನು ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಇಟ್ಟು ಸಿಕ್ಕಿಸಿದಳು. ಅಲ್ಲಿನ ಕಾಲೇಜಿನ ಅರ್ಜಿ. ನಾವಿರುವ ಈ ದೇಶದಲ್ಲಿ ಹೈಸ್ಕೂಲಿಗೂ ಕಾಲೇಜು ಎಂದೇ ಹೆಸರು. ಮುಂದಿನ ವರ್ಷ ಅವಳು ಹೈಸ್ಕೂಲಿಗೆ ಹೋಗಬೇಕು. ಅದನ್ನು ಇಲ್ಲಿ ಫ್ಲ್ಯಾಟ್ ಬುಷ್‌ನಲ್ಲಿ ನನ್ನ ಜೊತೆ ಇದ್ದು ಓದುವ ಬದಲು ಪೊರಿರುವಾದಲ್ಲಿ ತನ್ನ ಕಾಕಾನ ಮನೆಯಲ್ಲಿದ್ದು ಓದಲೇ ಎಂದು ಅವಳ ಕೇಳಿಕೆ. ಕಾಕಾ ಎಂದರೆ ನನ್ನ ಮೈದುನ. ಅರ್ಜಿಯ ಕೊನೆಯಲ್ಲಿ ಪೋಷಕರ ಸಹಿಗೆ ಒಂದು ಗೆರೆ ಖಾಲಿ ಇತ್ತು. ಸೆಪ್ಟೆಂಬರಿನ ಮೊದಲ ಶುಕ್ರವಾರ ಕೊನೆಯ ದಿನ.

"ನೋ ಪ್ರೆಶರ್, ಅಮ್ಮ," ಎಂದಳು. ಹನ್ನೆರಡು ವರ್ಷದವಳು.

ನಾನು ಸರಿ ಎಂದೆ. ಆ ದಿನಗಳಲ್ಲಿ ನಾನು ಎಲ್ಲದಕ್ಕೂ ಸರಿ ಎನ್ನುತ್ತಿದ್ದೆ.

ನನ್ನ ಗಂಡ ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ಈಸ್ಟ್ ತಮಾಕಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವನು, ಬೆಳಿಗ್ಗೆ ಕಾರು ನಿಲ್ಲಿಸಿ, ಕಾರಿನಿಂದ ಇಳಿಯಲೇ ಇಲ್ಲ. ಹೃದಯಾಘಾತ ಎಂದರು. ಇಷ್ಟನ್ನು ನಾನು ಎಷ್ಟೋ ಜನಕ್ಕೆ ಎಷ್ಟೋ ಸಲ ಹೇಳಿದ್ದೇನೆ, ಹೇಳುವಾಗ ಪಿನ್‌ಕೋಡ್ ಹೇಳಿದ ಹಾಗೆ ಹೇಳುತ್ತೇನೆ. ಅತ್ತಿರಾ ಎಂದು ಕೇಳಿದವರಿದ್ದಾರೆ. ಇಲ್ಲ. ಅಳು ಬರುತ್ತದೆ ಎಂದು ಕಾದೆ, ಬರಲಿಲ್ಲ, ಆಮೇಲೆ ಕಾಯುವುದನ್ನೂ ಬಿಟ್ಟೆ. ಮಾರ್ಚ್ ಮೊದಲ ವಾರದವರೆಗೆ ಇಲ್ಲಿನ ಕನ್ನಡದ ಆಂಟಿಯರು ಸರದಿಯ ಮೇಲೆ ಹುಳಿ, ಪಲಾವ್, ಚಪಾತಿ ತಂದುಕೊಟ್ಟರು. ಆಮೇಲೆ ಡಬ್ಬಿಗಳನ್ನೆಲ್ಲ ತೊಳೆದು ಅವರವರಿಗೆ ವಾಪಸ್ ಮಾಡಿ ನಾನೇ ಒಲೆ ಹಚ್ಚಿದೆ. ಕೆಲಸಕ್ಕೂ ಹೋದೆ. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ, ಅಂದರೆ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವುದು. ಅದರಲ್ಲಿ ಒಂದು ದಿನವೂ ಎಡವಲಿಲ್ಲ.

ಅರ್ಜಿಯ ವಿಷಯಕ್ಕೆ ಮೈದುನ ಫೋನ್ ಮಾಡಿದ. ನನ್ನ ಗಂಡನ ಮನೆಯವರು ಧಾರವಾಡದ ಕಡೆಯವರು, ಅತ್ತಿಗೆಗೆ ವೈನಿ ಎನ್ನುತ್ತಾರೆ.

"ವೈನಿ, ಹುಡುಗಿ ತಾನಾಗೇ ಕೇಳ್ಯಾಳ. ನಾವೇನೂ ತಲಿ ತುಂಬಿಲ್ಲ. ನಿಮಗ ಬ್ಯಾಡ ಅನಿಸಿದ್ರ ಬ್ಯಾಡ ಅನ್ರಿ, ನಮಗ ಬ್ಯಾಸರಿಲ್ಲ."

"ಯೋಚ್ನೆ ಮಾಡ್ತೀನಿ," ಎಂದೆ.

ನಿಜಕ್ಕೂ ಯೋಚನೆ ಮಾಡಿದೆ. ಅವಳು ಹೋಗುವುದು ನನಗೆ ಬೇಡವಾಗಿತ್ತು. ಆ ವರ್ಷ ನನಗೆ ಇದು ಬೇಕು, ಇದು ಬೇಡ ಎಂದು ಖಚಿತವಾಗಿ ಗೊತ್ತಿದ್ದದ್ದು ಅದೊಂದೇ. ಹೋಗಬೇಡ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ಕಾರಣ ಹುಡುಕಿದೆ, ಅದು ನನ್ನ ಕಸುಬು ತಾನೇ. ಪೊರಿರುವಾದಲ್ಲಿ ಇರುವುದು, ಇಲ್ಲಿ ಇಲ್ಲದಿರುವುದು ಏನು? ಅಲ್ಲಿ ಮಾಂಸದಡುಗೆ ಮಾಡುತ್ತಾರೆ. ಫೆಬ್ರವರಿಯಿಂದ ನಮ್ಮ ಮನೆಯಲ್ಲಿ ಅದು ನಿಂತಿತ್ತು. ಉತ್ತರ ಸಿಕ್ಕಿತು ಎಂದುಕೊಂಡೆ.

ನಾನು ಮೈಸೂರಿನ ಸಸ್ಯಾಹಾರಿ ಮನೆಯವಳು. ಅವನು ಮಾಂಸ ತಿನ್ನುವ ಮನೆಯವನು. ಎಂಜಿನಿಯರಿಂಗ್‌ನಲ್ಲಿ ಒಂದೇ ಕ್ಲಾಸಿನಲ್ಲಿದ್ದೆವು, ಮದುವೆಯಾದೆವು, ಮದುವೆಯ ಮೊದಲ ತಿಂಗಳೇ ಒಪ್ಪಂದವೂ ಆಯಿತು. ನಾನು ಮುಟ್ಟುವುದಿಲ್ಲ, ನೀನು ಬಿಡಬೇಕಾಗಿಲ್ಲ. ಅವನ ಬಾಣಲೆ ಬೇರೆ, ಅವನ ಸೌಟು ಬೇರೆ, ಒಲೆಯಲ್ಲಿ ಬಲಗಡೆಯ ಹಿಂದಿನ ಉರಿ ಅವನದು. ಸೋಮವಾರ, ಗುರುವಾರ, ಶುಕ್ರವಾರ, ಶನಿವಾರಗಳನ್ನು ದೇವರುಗಳು ಆಗಲೇ ಹಂಚಿಕೊಂಡಿದ್ದರಿಂದ ಕೆಲಸದ ದಿನಗಳಲ್ಲಿ ಅವನ ಪಾಲಿಗೆ ಉಳಿದದ್ದು ಮಂಗಳವಾರ ಮತ್ತು ಬುಧವಾರ. ಆ ಎರಡು ಸಂಜೆ ನಾನು ನನ್ನ ಊಟ ಬೇಗ ಮುಗಿಸಿ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ವಾಸನೆ ನನಗೆ ಆಗುತ್ತಿರಲಿಲ್ಲ.

"ನೀ ಒಳಗ ಕುಂದ್ರು. ಬಾಣಲಿ ತಿಕ್ಕಿ ಇಟ್ಟ ಮ್ಯಾಲೆ ಕರೀತೇನಿ," ಎನ್ನುತ್ತಿದ್ದ.

ಮೊದಲು ಕುರಿ ಖೀಮಾ ಮಾಡುತ್ತಿದ್ದ. ಡಾಕ್ಟರು ಕೊಬ್ಬು ಕಡಿಮೆ ಮಾಡಿ ಎಂದ ಮೇಲೆ ಟರ್ಕಿ ಕೋಳಿಯ ಖೀಮಾಕ್ಕೆ ಬಂದ. ಸೂಪರ್‌ಮಾರ್ಕೆಟ್ಟಿನ ಫ್ರೀಜರಿನಲ್ಲಿ ಎಲ್ಲಕ್ಕಿಂತ ಕೆಳಗಿನ ಅರೆಯಲ್ಲಿ, ಯಾರೂ ಬಗ್ಗಿ ನೋಡದ ಜಾಗದಲ್ಲಿ ಅದು ಇರುತ್ತದೆ. ಕುರಿಗಿಂತ ಅಗ್ಗ, ಬೇಗ ಬೇಯುತ್ತದೆ, ಅನ್ನದ ಮೇಲೆ ಹಾಕಿಕೊಂಡರೆ ಬೇರೇನೂ ಬೇಡ. ಒಂದು ಪೊಟ್ಟಣದಲ್ಲಿ ಅಪ್ಪ ಮಗಳಿಗೆ ಎರಡು ರಾತ್ರಿಯ ಊಟ. ಹೃದಯಕ್ಕೆ ಒಳ್ಳೆಯದು ಎಂದು ಎರಡು ವರ್ಷ ಶ್ರದ್ಧೆಯಿಂದ ತಿಂದ. ಈ ಮಾತಿಗೆ ನಗಬೇಕೋ ಏನು ಮಾಡಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಜುಲೈ ಕೊನೆಯ ಸೋಮವಾರ ಆಫೀಸಿನಿಂದ ಬರುವಾಗ ನಾನೂ ಬಗ್ಗಿ ಆ ಪೊಟ್ಟಣ ತೆಗೆದೆ. ಅಂಗಡಿಯಲ್ಲಿ ಇನ್ನೇನೇನೋ ಹುಡುಕಿಕೊಂಡು ಅದನ್ನು ಬರಿಗೈಯಲ್ಲಿ ಹಿಡಿದೇ ಓಡಾಡಿದ್ದೆ. ಚೆಕೌಟ್‌ನಲ್ಲಿದ್ದ ಹೆಂಗಸು ನನ್ನ ಬೆರಳು ನೋಡಿ, ಕೆಂಪಗಾಗಿದೆ, ಬುಟ್ಟಿ ತೆಗೆದುಕೊಳ್ಳಬಾರದಿತ್ತೇ ಎಂದಳು. ನೋಡಿಕೊಂಡೆ. ಕೆಂಪಗಾಗಿತ್ತು. ತಣ್ಣಗಾದದ್ದು ನನಗೆ ಗೊತ್ತಾಗಿರಲಿಲ್ಲ.

ಹೇಗೆ ಮಾಡುವುದು ಎಂದು ಮಗಳೇ ಹೇಳಿಕೊಟ್ಟಳು. ಬೆಳಿಗ್ಗೆಯೇ ಪೊಟ್ಟಣವನ್ನು ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಬೇಕು. ಸಂಜೆ ರೈಸ್ ಕುಕ್ಕರಿನಲ್ಲಿ ಅಕ್ಕಿ ಇಟ್ಟು ಬಾಣಲೆ ಕಾಯಿಸಬೇಕು. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ, ಖೀಮಾ ಹಾಕಿ, ಮರದ ಸೌಟಿನಿಂದ ಕುಟ್ಟಿ ಕುಟ್ಟಿ ಬಿಡಿಸಬೇಕು. ಗುಲಾಬಿ ಬಣ್ಣ ಹೋಗಿ ಬೂದು ಬಣ್ಣ ಬಂದ ಮೇಲೆ ಸಣ್ಣಗೆ ಹೆಚ್ಚಿದ ಎಲೆಕೋಸು, ತುರಿದ ಕ್ಯಾರೆಟ್, ಫ್ರೀಜರಿನ ಬಟಾಣಿ. ಆಮೇಲೆ ಸೋಯಾ ಸಾಸ್, ಧಾರವಾಡದಿಂದ ಬಂದ ಮಸಾಲೆ ಖಾರ ಒಂದು ಚಮಚ. ಅನ್ನ ಆಗುವಷ್ಟರಲ್ಲಿ ಇದೂ ಆಗುತ್ತದೆ. ಬಟ್ಟಲಿಗೆ ಅನ್ನ, ಅದರ ಮೇಲೆ ಇದು, ಅದರ ಮೇಲೆ ಅರ್ಧ ನಿಂಬೆಹಣ್ಣು.

"ಉಪ್ಪು ಎಷ್ಟು?" ಎಂದು ಕೇಳಿದೆ.

"ಡ್ಯಾಡ್ ಜಸ್ಟ್... ಹಾಕ್ತಿದ್ರು," ಎಂದಳು.

ನಾನು ಕೈಯಳತೆಯಲ್ಲಿ ಪಲ್ಯಕ್ಕೆ ಹಾಕುವಷ್ಟು ಹಾಕಿದೆ. ಆಗ ಅವಳು ಒಲೆಯ ಹತ್ತಿರ ಬಂದು ನಿಂತು ಎಡಗೈ ಚಾಚಿದಳು. ಅಂಗೈ ಮೇಲಾಗಿ, ಪ್ರಸಾದಕ್ಕೆ ಒಡ್ಡಿದ ಹಾಗೆ.

"ಏನೇ ಅದು?"

"ಟೇಸ್ಟ್."

ನಮ್ಮಮ್ಮ ಜೀವಮಾನದಲ್ಲಿ ಒಲೆಯ ಮುಂದೆ ನಿಂತು ರುಚಿ ನೋಡಿದವಳಲ್ಲ. ದೇವರಿಗೆ ತೋರಿಸುವ ಮೊದಲು ಬಾಯಿಗೆ ಹಾಕಿದರೆ ಎಂಜಲು. ಸಾರು ಕುದಿಯುವಾಗ ಬರುವ ವಾಸನೆಯಲ್ಲೇ ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದಳು, ನನಗೂ ಹಾಗೇ ಕಲಿಸಿದ್ದಳು. ಟರ್ಕಿಯನ್ನು ಯಾವ ದೇವರಿಗೂ ತೋರಿಸುವುದಿಲ್ಲ ಎಂಬುದು ಆ ಕ್ಷಣ ನನ್ನ ತಲೆಗೆ ಹೊಳೆಯಲಿಲ್ಲ.

"ಒಲೆ ಮುಂದೆ ನಿಂತ್ಕೊಂಡು ಎಂಜಲು ಮಾಡ್ಬೇಡ. ಬಡಿಸಿದ ಮೇಲೆ ತಿನ್ನು," ಎಂದೆ. ಸ್ವಲ್ಪ ಜೋರಾಗಿಯೇ ಬಂತು. ನನ್ನ ದನಿ ಮೊದಲಿನಿಂದಲೂ ಹಾಗೇ.

ಅವಳು ಅಂಗೈ ಮುಚ್ಚಿಕೊಂಡು ಹೋದಳು. ಮತ್ತೆಂದೂ ಒಲೆಯ ಹತ್ತಿರ ಬರಲಿಲ್ಲ.

ಆಗಸ್ಟ್ ಪೂರ್ತಿ ಹೀಗೇ ನಡೆಯಿತು. ಮಂಗಳವಾರ ಮತ್ತು ಬುಧವಾರ ಆರು ಗಂಟೆಗೆ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಅವನ ಉರಿಯ ಮೇಲೆ ಅವನ ಬಾಣಲೆಯಲ್ಲಿ ಖೀಮಾ, ಪಕ್ಕದಲ್ಲಿ ನನಗೆ ಸಾರು. ಅವಳ ಬಟ್ಟಲು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ನನ್ನ ತಟ್ಟೆ ತೆಗೆದುಕೊಂಡು ನಾನು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮೊದಲಿನ ಅಭ್ಯಾಸ. ಅವನಿದ್ದಾಗ ಆ ಬಾಗಿಲಿನ ಆಚೆ ಇಬ್ಬರು ಇರುತ್ತಿದ್ದರು, ಈಗ ಒಬ್ಬಳೇ ಇದ್ದಾಳೆ ಎಂಬ ಸಣ್ಣ ಲೆಕ್ಕವೂ ನನಗೆ ಹತ್ತಲಿಲ್ಲ. ಅರ್ಧ ಗಂಟೆ ಬಿಟ್ಟು ಹೊರಗೆ ಬಂದರೆ ಬಟ್ಟಲು ಖಾಲಿ, ತೊಳೆದು ಬೋರಲು ಹಾಕಿರುತ್ತಿತ್ತು.

"ಹೇಗಿತ್ತು?"

"ಇಟ್ಸ್ ಫೈನ್, ಅಮ್ಮ."

ಫೈನ್ ಎಂದರೆ ಫೈನ್ ಎಂದುಕೊಂಡೆ. ಅರ್ಜಿ ಫ್ರಿಜ್ಜಿನ ಮೇಲೆ ಹಾಗೇ ಇತ್ತು. ಹಾಲು ತೆಗೆಯಲು ಹೋದಾಗಲೆಲ್ಲ ಆ ಖಾಲಿ ಗೆರೆ ಕಾಣುತ್ತಿತ್ತು. ಬಟ್ಟಲು ಖಾಲಿಯಾಗುತ್ತಿದೆ, ಹಾಗಾದರೆ ಅವಳು ಹೋಗುವುದಿಲ್ಲ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಅವಳನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತಿತ್ತು.

ಅರ್ಜಿ ಕೊಡುವ ಕೊನೆಯ ವಾರದ ಮಂಗಳವಾರ. ತಟ್ಟೆ ತೆಗೆದುಕೊಂಡು ಕೋಣೆಗೆ ಹೋದವಳಿಗೆ ಫೋನ್ ಅಡುಗೆಮನೆಯಲ್ಲೇ ಬಿಟ್ಟದ್ದು ನೆನಪಾಯಿತು. ಬಾಗಿಲು ತೆಗೆದು ಬಂದೆ. ಮಗಳು ಸಿಂಕಿನ ಮುಂದೆ ನನಗೆ ಬೆನ್ನು ಮಾಡಿ ನಿಂತಿದ್ದಳು. ಬಿಸಿನೀರಿನ ನಲ್ಲಿ ಬಿಟ್ಟಿತ್ತು. ಅದರ ಕೆಳಗೆ ನಾನು ಅಕ್ಕಿ ತೊಳೆಯುವ ತೂತಿನ ಬುಟ್ಟಿ, ಬುಟ್ಟಿಯ ತುಂಬ ಆಗಷ್ಟೇ ನಾನು ಬಡಿಸಿದ ಖೀಮಾ. ಕೈಯಲ್ಲಿ ಮೆಲ್ಲಗೆ ಆಡಿಸುತ್ತಾ ತೊಳೆಯುತ್ತಿದ್ದಳು. ಬಟಾಣಿ, ಕ್ಯಾರೆಟ್, ಎಲ್ಲ ಸಮೇತ. ಅವಸರವಿರಲಿಲ್ಲ. ದಿನವೂ ಮಾಡುವ ಕೆಲಸವನ್ನು ಮಾಡುವ ಹಾಗೆ ಮಾಡುತ್ತಿದ್ದಳು.

ಅದನ್ನು ನೋಡಿ ನನ್ನ ಬಾಯಿಂದ ಬಂದ ಮೊದಲ ಮಾತು ಹೇಳಲು ನಾಚಿಕೆಯಾಗುತ್ತದೆ.

"ಅದು ನನ್ನ ಅಕ್ಕಿ ಬುಟ್ಟಿ ಕಣೇ."

ಅವಳು ತಿರುಗಿದಳು. ನಲ್ಲಿ ನಿಲ್ಲಿಸಿದಳು. "ಸಾರಿ. ಐ ವಾಶ್ ಇಟ್ ಆಫ್ಟರ್. ಎವ್ರಿ ಟೈಮ್."

ಎವ್ರಿ ಟೈಮ್ ಎಂಬುದು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಯಾಕೆ ತೊಳೀತಿದೀಯ?"

ಅವಳು ಬುಟ್ಟಿಯನ್ನು ಸಿಂಕಿನಲ್ಲಿ ಇಟ್ಟಳು. ಆಮೇಲೆ, ಉಪ್ಪು ಎಂದಳು. ಕನ್ನಡದಲ್ಲೇ ಹೇಳಿದಳು.

ನನಗೆ ಅರ್ಥವಾಯಿತು ಎನಿಸಿತು. ಸೋಯಾ ಸಾಸಿನಲ್ಲಿ ಉಪ್ಪಿದೆ, ಮಸಾಲೆ ಖಾರ ಕುಟ್ಟುವಾಗಲೇ ಉಪ್ಪು ಸೇರಿಸಿರುತ್ತಾರೆ, ಅದರ ಮೇಲೆ ನಾನು ಬೇರೆ. ನಾನು ತಿನ್ನದ ಪದಾರ್ಥ, ವಾಸನೆ ನೋಡೋಣವೆಂದರೆ ಮೂಗಿಗೆ ದುಪಟ್ಟಾ. "ಹೇಳಬಾರದಿತ್ತಾ? ನಾನೇನು ಅದನ್ನ ತಿನ್ನೋಳಾ? ನನಗೆ ಹೇಗೆ ಗೊತ್ತಾಗ್ಬೇಕು?" ಎಂದೆ. ಹೇಳುವಾಗ ಸ್ವಲ್ಪ ನಿರಾಳವೂ ಆಯಿತು. ತಪ್ಪು ಟರ್ಕಿಯದು.

ಮಗಳು ಅಲ್ಲವೆಂದು ತಲೆಯಾಡಿಸಿದಳು. ಆಮೇಲೆ ಅವಳು ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದೊಂದೇ ಅಲ್ಲ, ಅಮ್ಮ. ಸಾರೂ ಹಾಗೇ. ಹುಳಿ, ಪಲ್ಯ, ಉಪ್ಪಿಟ್ಟು, ನನ್ನ ಡಬ್ಬಿಯ ಚಿತ್ರಾನ್ನ. ಎಲ್ಲ.

"ಯಾವಾಗಿಂದ?"

ಮಾರ್ಚಿನಿಂದ. ಆಂಟಿಯರು ಊಟ ತರುವುದು ನಿಲ್ಲಿಸಿದಾಗಿನಿಂದ.

ನನ್ನ ತಟ್ಟೆ ಕೋಣೆಯಲ್ಲಿತ್ತು. ಹೋಗಿ ತಂದೆ. ಅರ್ಧ ಊಟವಾಗಿತ್ತು, ಅನ್ನ ಸಾರು. ಅವಳ ಎದುರೇ ಒಂದು ತುತ್ತು ಬಾಯಿಗಿಟ್ಟೆ. ಮೆತ್ತಗಿತ್ತು. ಬೆಚ್ಚಗಿತ್ತು. ಅದರಾಚೆ ನನಗೇನೂ ತಿಳಿಯಲಿಲ್ಲ. ಇನ್ನೊಂದು ತುತ್ತು ಇಟ್ಟೆ. ಬಾಯಲ್ಲಿ ಏನೋ ಇದೆ ಎಂಬುದು ಬಿಟ್ಟರೆ ಉಪ್ಪೂ ಇಲ್ಲ, ಹುಳಿಯೂ ಇಲ್ಲ. ಆರು ತಿಂಗಳಿಂದ ನಾನು ಹೀಗೇ ಉಂಡಿದ್ದೆ, ಉಂಡಿದ್ದೇನೆ ಎಂದೂ ಗಮನಿಸಿರಲಿಲ್ಲ. ಊಟ ಎಂದರೆ ತಟ್ಟೆ ಖಾಲಿ ಮಾಡುವುದು ಎಂದಾಗಿತ್ತು.

"ಇಷ್ಟು ದಿನ ಹೇಗೆ ತಿಂದೆ?"

ಸಾರಿಗೆ ಮೊಸರು ಕಲಸಿಕೊಳ್ಳುತ್ತಿದ್ದೆ ಎಂದಳು. ಖೀಮಾಕ್ಕೆ ಮೊಸರು ಹೊಂದಲಿಲ್ಲವಂತೆ, ಅದಕ್ಕೇ ತೊಳೆಯುವುದು. "ನೀನೂ ಆ ಸಾರನ್ನೇ ತಿಂತಿದ್ಯಲ್ಲ. ನೀನು ತಿನ್ನೋದಾದ್ರೆ ನಾನೂ ತಿನ್ಬಹುದು ಅಂದ್ಕೊಂಡೆ."

"ಹೇಳ್ಬೇಕಿತ್ತು ಕಣೇ."

ಹೇಳಿದರೆ ನೀನು ನಿಲ್ಲಿಸಿಬಿಡುತ್ತಿದ್ದೆ ಎಂದಳು.

"ಏನ್ ನಿಲ್ಲಿಸ್ತಿದ್ದೆ? ಅಡುಗೆನಾ?"

ಅವಳು ಭುಜ ಹಾರಿಸಿದಳು. "ಎವ್ರಿಥಿಂಗ್."

ಬುಟ್ಟಿಯ ನೀರು ಬಸಿಯುತ್ತಾ ಅವಳೇ ಮುಂದುವರಿಸಿದಳು. ಪೊರಿರುವಾದಲ್ಲಿ ಕಾಕಾನ ಹೆಂಡತಿ ಕಾಕು ಮಾಡಿದ್ದು ಕೆಟ್ಟರೆ ಕಾಕಾ ಕೆಟ್ಟಿದೆ ಎನ್ನುತ್ತಾನಂತೆ. ಕಾಕು ಬೈಯುತ್ತಾಳಂತೆ, ಎಲ್ಲರೂ ನಗುತ್ತಾರಂತೆ, ಆಮೇಲೆ ಟೋಸ್ಟ್ ತಿನ್ನುತ್ತಾರಂತೆ. ಅಲ್ಲಿ ಅದೊಂದು ದೊಡ್ಡ ವಿಷಯವೇ ಅಲ್ಲವಂತೆ.

ಆ ಎರಡು ವಾರಗಳಲ್ಲಿ ಅವಳು ಅಲ್ಲಿ ತಿಂದದ್ದು ಏನೆಂದು ನಾನು ಕೇಳಿರಲಿಲ್ಲ. ಮಾಂಸ ಎಂದು ಊಹಿಸಿಕೊಂಡಿದ್ದೆ. ನನ್ನ ಮಗಳು ಮನೆ ಬಿಟ್ಟು ಹೋಗಬೇಕೆಂದದ್ದು ಖೀಮಾಕ್ಕಾಗಿ ಅಲ್ಲ, ಚೆನ್ನಾಗಿಲ್ಲ ಎಂದು ಹೇಳಬಹುದಾದ ಒಂದು ಊಟಕ್ಕಾಗಿ. ಇದು ತಿಳಿದಾಗ ದುಃಖವಾಯಿತು ಎಂದು ಬರೆಯಬೇಕು. ಆಗಲಿಲ್ಲ. ನಾಚಿಕೆ ಮಾತ್ರ ಆಯಿತು, ಅದೂ ಎಲ್ಲೋ ದೂರದಲ್ಲಿ, ಪಕ್ಕದ ಮನೆಯ ಟಿವಿ ಕೇಳಿಸಿದಷ್ಟು.

ಇಬ್ಬರೂ ಬ್ರೆಡ್ ಸುಟ್ಟುಕೊಂಡು ತಿಂದೆವು, ಅಡುಗೆಮನೆಯ ಕಟ್ಟೆಯ ಮುಂದೆಯೇ, ಪಕ್ಕಪಕ್ಕದ ಸ್ಟೂಲಿನ ಮೇಲೆ. ಆಮೇಲೆ ನಾನು ಫ್ರಿಜ್ಜಿನಿಂದ ಅರ್ಜಿ ತೆಗೆದೆ. ಆ ಖಾಲಿ ಗೆರೆಯ ಮೇಲೆ ಸಹಿ ಹಾಕಿ, ತಾರೀಖು ಬರೆದು, ಮೊದಲಿದ್ದ ಜಾಗದಲ್ಲೇ ಸಿಕ್ಕಿಸಿದೆ. ನನ್ನ ಸಲುವಾಗಿ ಉಪ್ಪು ನುಂಗಿಕೊಂಡು ಇರುವ ಮಗುವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ನನಗಿಲ್ಲ ಎನಿಸಿತ್ತು.

"ಹೋಗು ಅಂತ ಅಲ್ಲ," ಎಂದೆ. "ನೀನು ಹೋಗೋದು ನನಗೆ ಬೇಡ. ಆದ್ರೆ ಹೋಗ್ಬೇಕು ಅನ್ಸಿದ್ರೆ ನನ್ನಿಂದ ತಡೆ ಇಲ್ಲ."

ಬೇಡ ಎಂಬ ಮಾತನ್ನು ಐದು ವಾರದಲ್ಲಿ ಅದೇ ಮೊದಲ ಸಲ ಹೇಳಿದ್ದು. ಅವಳು "ಓಕೆ" ಎಂದು ತನ್ನ ಕೋಣೆಗೆ ಹೋದಳು.

ಮರುದಿನ ಬುಧವಾರ. ಖೀಮಾ ಬೆಂದು, ಸಾಸು, ಖಾರ ಬಿದ್ದ ಮೇಲೆ ನಾನೇ ಅವಳನ್ನು ಕರೆದೆ. ಬಂದು ನಿಂತಳು. ಕೈ ಚಾಚಲಿಲ್ಲ, ನಾನು ಹೇಳಬೇಕಾಯಿತು.

"ಕೈ ಕೊಡು."

ಅಂಗೈ ಮೇಲೆ ಒಂದಿಷ್ಟು ಹಾಕಿದೆ. ಊದಿಕೊಂಡು ತಿಂದಳು. ಅಪ್ಪ ಹೀಗೇ ಹಾಕುತ್ತಿದ್ದರು ಎಂದಳು. ಅಪ್ಪನಿಗೆ ಡಾಕ್ಟರು ಉಪ್ಪು ಬಿಡಿಸಿದ ಮೇಲೆ ಅವನ ಪಾಲನ್ನು ಮೊದಲೇ ತೆಗೆದಿಟ್ಟು, ಉಳಿದದ್ದಕ್ಕೆ ಸಾಸು, ಉಪ್ಪು ಹಾಕುತ್ತಾ, ಅವಳು ಸಾಕು ಎನ್ನುವವರೆಗೆ ಅಂಗೈಗೆ ಹಾಕಿ ನೋಡುತ್ತಿದ್ದನಂತೆ. ಸೌಟು ಎಂಜಲಾಗಬಾರದು, ಅಮ್ಮ ಒಳಗಿದ್ದಾಳೆ ಎನ್ನುತ್ತಿದ್ದನಂತೆ. ಬಾಗಿಲು ಹಾಕಿಕೊಂಡು ಕುಳಿತ ಅಷ್ಟು ವರ್ಷದ ಸಂಜೆಗಳಲ್ಲಿ ಆಚೆ ನಡೆಯುತ್ತಿದ್ದದ್ದು ಇದು.

"ಸಾಕು," ಎಂದಳು ಮಗಳು. ನಾನು ಇನ್ನೂ ಉಪ್ಪೇ ಹಾಕಿರಲಿಲ್ಲ.

ಆಮೇಲೆ ಅವಳು ನನ್ನ ಸಾರಿನ ಸೌಟು ಎತ್ತಿಕೊಂಡು, ನಿನ್ನ ಕೈ ಎಂದಳು. ಚಾಚಿದೆ. ಎರಡು ಹನಿ ಹಾಕಿದಳು.

"ಉಪ್ಪು?"

"ಗೊತ್ತಾಗ್ತಿಲ್ಲ ಮಗಳೇ," ಎಂದೆ. ಸುಳ್ಳು ಹೇಳಬಹುದಿತ್ತು. ಅವಳು ತನ್ನ ಅಂಗೈಗೂ ಹಾಕಿಕೊಂಡು ನೆಕ್ಕಿ, ಮುಖ ಕಿವುಚಿ, ಒಂದು ಲೋಟ ನೀರು ಸುರಿದಳು. ನಮ್ಮಮ್ಮ ನೋಡಿದ್ದರೆ ಆ ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಆ ಸಂಜೆ ನಾನು ಬಾಗಿಲು ಹಾಕಿಕೊಳ್ಳಲಿಲ್ಲ. ದುಪಟ್ಟಾವನ್ನೂ ಬಿಚ್ಚಿಟ್ಟೆ. ವಾಸನೆ ಬರುತ್ತಿತ್ತೋ ಇಲ್ಲವೋ, ನೆನಪಿಲ್ಲ.

ಶುಕ್ರವಾರ ಬಂತು, ಹೋಯಿತು. ಶನಿವಾರ ಬೆಳಿಗ್ಗೆ ಹಾಲು ತೆಗೆಯಲು ಹೋದರೆ ಫ್ರಿಜ್ಜಿನ ಬಾಗಿಲಲ್ಲಿ ಬರೀ ಮ್ಯಾಗ್ನೆಟ್ ಇತ್ತು, ಅರ್ಜಿ ಇರಲಿಲ್ಲ. ಕಳಿಸಿದ್ದಾಳೆ. ಸಹಿ ಹಾಕಿದವಳು ನಾನೇ, ಇನ್ನು ಕೇಳುವುದೇನು ಎಂದು ಸುಮ್ಮನಾದೆ. ಅವಳ ಕೋಣೆಯಲ್ಲಿ ಏನೇನು ಪ್ಯಾಕ್ ಮಾಡಬೇಕಾಗುತ್ತದೆ, ಹಾಸಿಗೆಯನ್ನು ಏನು ಮಾಡುವುದು, ಮಂಗಳವಾರ ಬುಧವಾರಗಳಂದು ಆ ಉರಿಯನ್ನು ಏನು ಮಾಡುವುದು ಎಂದು ಎರಡು ದಿನ ಯೋಚಿಸಿದೆ. ಮೈದುನನಿಗೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ.

ಸೋಮವಾರ ಸಂಜೆ ಅಂಗಡಿಗೆ ಹೊರಟಾಗ ಮಗಳು ನಾಲ್ಕು ಮಡಿಕೆಯ ಒಂದು ಕಾಗದ ಕೈಗೆ ತುರುಕಿದಳು. ಪಟ್ಟಿ ಎಂದಳು. ಸೂಪರ್‌ಮಾರ್ಕೆಟ್ಟಿನಲ್ಲಿ ಫ್ರೀಜರಿನ ಬಾಗಿಲು ತೆಗೆದು, ಬಗ್ಗಿ, ಟರ್ಕಿಯ ಪೊಟ್ಟಣ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕಾಗದ ಬಿಡಿಸಿದೆ. ಟರ್ಕಿ, ಅಕ್ಕಿ, ಮೊಸರು, ನಿಂಬೆಹಣ್ಣು, ಉಪ್ಪು ಕಡಿಮೆ ಇರುವ ಸೋಯಾ ಸಾಸ್. ಕೊನೆಯಲ್ಲಿ, ಉಪ್ಪು ತರಬೇಡ, ನಮ್ಮಲ್ಲಿ ಬೇಕಾದಷ್ಟಿದೆ ಎಂದು ಬರೆದು ಅಡಿಗೆರೆ ಎಳೆದಿದ್ದಳು.

ಕಾಗದದ ಹಿಂದೆ ಏನೋ ಅಚ್ಚಾಗಿದ್ದದ್ದು ಕಂಡಿತು. ತಿರುಗಿಸಿದೆ. ಕೆಳಗೆ ನನ್ನ ಸಹಿ ಇತ್ತು, ಕಳೆದ ಮಂಗಳವಾರದ ತಾರೀಖು ಇತ್ತು.

ಬಟಾಣಿ ಬೇಕಿದ್ದ ಯಾರೋ ಎಕ್ಸ್‌ಕ್ಯೂಸ್ ಮಿ ಎಂದು ನನ್ನ ಪಕ್ಕದಿಂದ ಕೈ ಹಾಕಿ ತೆಗೆದುಕೊಂಡು ಹೋದರು. ಪೊಟ್ಟಣ ಹಿಡಿದಿದ್ದ ಕೈ ಕೊರೆಯುತ್ತಿತ್ತು. ಬೆರಳುಗಳು ನೋಯುವಷ್ಟು ಕೊರೆಯುತ್ತಿತ್ತು. ಅದನ್ನು ಬುಟ್ಟಿಯೊಳಗೆ ಇಟ್ಟು, ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡೆ.